ಮುರ್ರೆ ಅಡ್ಡ ಬಂದ ಶುಕ್ರವಾರ

ಈ ಸಲದ ಹ್ಯಾಲೋವೀನಿಗೆ ಮನೆಯಲ್ಲಿ ದೆವ್ವಗಳಿಗೆ ಜಾಗವಿಲ್ಲ ಎಂದು ಏಳು ವರ್ಷದ ಅನ್ಯಾ ತೀರ್ಮಾನಿಸಿಬಿಟ್ಟಿದ್ದಳು. ಅಪ್ಪ, ಅಮ್ಮ, ಅಜ್ಜಿ, ತಾನು, ನಾಲ್ವರೂ ಕಪ್ಪು ಬೆಕ್ಕುಗಳು. ಇದಕ್ಕೆಲ್ಲ ಕಾರಣ ಕೆಳಮನೆಯ ಗುನಿಲ್ಲಾ ಸಾಕಿದ್ದ ಮುರ್ರೆ ಎಂಬ ಬೆಕ್ಕು. ಇದ್ದಿಲಿನಷ್ಟು ಕಪ್ಪಾಗಿದ್ದ ಅದಕ್ಕೆ ಅನ್ಯಾಳ ತಟ್ಟೆಯಲ್ಲಿ ಕಾಯಂ ಪಾಲಿತ್ತು.

ಮಗಳ ಯೋಜನೆ ಕೇಳಿ ಕುಮುದಾ ಹಿಗ್ಗಿದಳು. ಅವಳು ಚಿತ್ರದುರ್ಗದ ಓದುಬಳಗದಲ್ಲಿ ಬೆಳೆದವಳು. ರಾಹುಕಾಲ ನೋಡಿಯೇ ಸಭೆ ಇಟ್ಟುಕೊಂಡು, ಗ್ರಹಣ ಹಿಡಿದ ಹೊತ್ತಿನಲ್ಲಿ ಬಯಲಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದ ಗುಂಪು ಅದು. ಬೆಕ್ಕು ಅಡ್ಡ ಬಂದರೆ ನಿಲ್ಲುವವರನ್ನು ಕಂಡರೆ ಇಂದಿಗೂ ಅವಳಿಗೆ ಮೈಯುರಿ. ಹಳೆಯ ಕಾಲುಚೀಲಗಳಿಗೆ ಹತ್ತಿ ತುಂಬಿ ನಾಲ್ಕು ಬಾಲ ಹೊಲಿದಳು. ಆ ವಾರ ಶಾಲೆಗೆ ರಜೆ. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಆ ಪುಟ್ಟ ಮನೆಯ ತುಂಬ ಕಪ್ಪು ಕಾಗದ, ಅಂಟು, ಕುಂಬಳಕಾಯಿಯ ಬೀಜ.

ಕುಂಬಳದ ತಿರುಳನ್ನು ಬಿಸಾಡಲು ಬಿಡದೆ ಹುಳಿ ಮಾಡಿದವರು ಅತ್ತೆ ವೇದವತಿ. ತುಮಕೂರಿನಲ್ಲಿ ಮಗಳ ಜೊತೆ ಇದ್ದವರು ಆಗಸ್ಟಿನಲ್ಲಿ ಮಗನ ಮನೆಗೆಂದು ಬಂದಿದ್ದರು. ಹಲ್ಲು ಕಿರಿದ ಕುಂಬಳಕಾಯಿ ನೋಡಿ, ನಮ್ಮಲ್ಲಿ ದೃಷ್ಟಿ ತೆಗೆಯೋಕೆ ಒಡೀತಾರೆ, ಇವರು ಅದಕ್ಕೇ ಕಣ್ಣು ಕೊರೀತಾರಲ್ಲ ಎಂದು ನಕ್ಕಿದ್ದರು. ಗುರುವಾರ ಮೊಮ್ಮಗಳು ಕಾಡಿಗೆ ತಂದು ಕೆನ್ನೆಯ ಮೇಲೆ ಮೀಸೆ ಎಳೆದಾಗಲೂ ಬೇಡವೆನ್ನಲಿಲ್ಲ. ಗಂಡ ಹೋದಾಗಿನಿಂದ ಆ ಮುಖಕ್ಕೆ ಕಾಡಿಗೆ ಸೋಕಿರಲಿಲ್ಲ. ಕನ್ನಡಿ ನೋಡಿಕೊಂಡು, "ನಿಮ್ಮ ತಾತ ಇದ್ದಿದ್ರೆ ಮೊದಲು ಹಾಲು ಬಚ್ಚಿಡ್ತಿದ್ರು" ಅಂದರು.

ಬಂದ ಹೊಸತರಲ್ಲಿ ಆಕೆ ಹೀಗಿರಲಿಲ್ಲ. ಮಗ ರಾಜಶೇಖರ ಕೆಲಸಕ್ಕೆ ಹೊರಡುವ ಸದ್ದಾದರೆ ಸಾಕು, ತಮ್ಮ ಕೋಣೆ ಸೇರಿ ಬಾಗಿಲು ಮುಂದೆ ಮಾಡುತ್ತಿದ್ದರು. ಹೊರಟವರ ಎದುರಿಗೆ ವಿಧವೆ ಬರಬಾರದು. ಯಾರಾದರೂ ಹೇಳುವ ಮುಂಚೆಯೇ ಸರಿದುಬಿಟ್ಟರೆ ಮಾನವಾದರೂ ಉಳಿಯುತ್ತದೆ. ಕುಮುದಾಳೇ ಕೋಣೆಗೆ ಹೋಗಿ ಕೈಹಿಡಿದು ಎಬ್ಬಿಸಿದ್ದಳು. ಈ ಮನೆಯಲ್ಲಿ ಅದೆಲ್ಲ ಇಲ್ಲ, ನೀವೇ ಡಬ್ಬಿ ಕೊಟ್ಟು ಕಳಿಸಿ ಎಂದಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಮಗನ ಕೈಗೆ ಊಟದ ಡಬ್ಬಿ ಕೊಟ್ಟು, ಬಾಗಿಲಲ್ಲಿ ನಿಂತು, ಅವನು ಮರೆಯಾಗುವ ತನಕ ನೋಡುವುದು ಅವರ ಕೆಲಸವಾಯಿತು.

ಅದು ಎರಡು ಸಾವಿರದ ಎಂಟು. ಟ್ರಕ್ಕುಗಳನ್ನು ಕೊಳ್ಳುವವರಿಲ್ಲದೆ ರಾಜಶೇಖರನ ಕಾರ್ಖಾನೆಯಲ್ಲಿ ಹೊರಗುತ್ತಿಗೆಯ ಎಂಜಿನಿಯರುಗಳು ಒಬ್ಬೊಬ್ಬರಾಗಿ ಖಾಲಿಯಾಗುತ್ತಿದ್ದರು. ಅವನ ಗುತ್ತಿಗೆಯ ಮಾತುಕತೆ ಆ ಶುಕ್ರವಾರ, ಹ್ಯಾಲೋವೀನಿನ ದಿನವೇ. ಗುತ್ತಿಗೆ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು. ವಾರದಿಂದ ಕುಮುದಾಳಿಗೆ ಅನ್ನ ಸೇರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವೇದವತಿ ಎಂದಿನಂತೆ ಡಬ್ಬಿ ಹಿಡಿದು ಬಾಗಿಲ ಕಡೆ ಬಂದರು. ಕುಮುದಾ ಅಡ್ಡ ಬಂದಳು. ಮಾತು ಅವಳ ಬಾಯಿಂದ ಬಂತೋ, ಅವಳು ಹತ್ತಿಕ್ಕಿದ್ದೇನೆಂದುಕೊಂಡಿದ್ದ ಯಾವ ತಲೆಮಾರಿನ ಬಾಯಿಂದ ಬಂತೋ.

"ಅತ್ತೆ, ಇವತ್ತೊಂದಿನ... ಅವ್ರು ಹೊರಡೋ ತನಕ ಸ್ವಲ್ಪ ಒಳಗಿರ್ತೀರಾ?"

ವೇದವತಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹುಳಿ ಚೆಲ್ಲದ ಹಾಗೆ ನೆಟ್ಟಗೆ ಮಾಡಿ, ಕೋಣೆಗೆ ಹೋದರು. ರಾಜಶೇಖರ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಎಂದೂ ಅಷ್ಟು ಹೊತ್ತು ಕಟ್ಟಿದವನಲ್ಲ.

ಅವನು ಅಂಗಳಕ್ಕಿಳಿದಾಗ ಮುರ್ರೆ ಸರಿಯಾಗಿ ಅಡ್ಡ ಬಂತು. ಕಿಟಕಿಯಿಂದ ಅನ್ಯಾ, ಅಪ್ಪಾ ಲಕ್ಕಿ ಅದು, ಮುಟ್ಟಿ ಹೋಗಿ ಎಂದು ಕೂಗಿದಳು. ಅವನು ನಗುತ್ತ ಬಗ್ಗಿ ಬೆಕ್ಕಿನ ತಲೆ ಸವರಿ ಬಸ್ಸಿಗೆ ಓಡಿದ. ಮಗಳ ಪಕ್ಕ ನಿಂತಿದ್ದ ಕುಮುದಾ ಅದನ್ನು ನೋಡಿದಳು. ನೋಡಿ, ಮುಚ್ಚಿದ ಕೋಣೆಯ ಕಡೆ ತಿರುಗಲು ಆಗದೆ ಅಲ್ಲೇ ನಿಂತಳು.

ಮಧ್ಯಾಹ್ನ ಫೋನ್ ಬಂತು. ಗುತ್ತಿಗೆ ಮುಂದುವರಿದಿತ್ತು. ಸುದ್ದಿ ಕೇಳಿದ ವೇದವತಿ ಒಳಗಿನಿಂದಲೇ ದೇವರು ದೊಡ್ಡವನು ಎಂದರು. ಕೆಲಸ ಹೋಗಿದ್ದರೇ ಚೆನ್ನಾಗಿತ್ತೇನೋ ಎಂದು ಕುಮುದಾಳಿಗೆ ಅನ್ನಿಸಿತು. ಹೋಗಿದ್ದರೆ ಬೆಳಗಿನ ಮಾತು ಬರೀ ಮೂರ್ಖತನ ಎಂದಾದರೂ ಆಗುತ್ತಿತ್ತು. ಈಗ ಅದು ಫಲ ಕೊಟ್ಟ ಶಾಸ್ತ್ರ.

ಸಂಜೆ ಸೊಲ್ಲೆಂಟುನಾ ಎಂಬ ಊರಿನಿಂದ ಗೆಳತಿ ಕೋಕಿಲಾ, ಅವಳ ಗಂಡ ಅಭಯ್ ಬಂದರು. ಅವರಿಗೂ ಬೆಕ್ಕಿನ ಕಿವಿ ಸಿಕ್ಕವು. ಅನ್ಯಾ ಮುರ್ರೆಯನ್ನು ಮೇಲಕ್ಕೆ ಹೊತ್ತು ತಂದು ಸೋಫಾದ ನಡುಮಧ್ಯ ಕೂರಿಸಿ ತಟ್ಟೆಗೆ ಕೆನೆ ಸುರಿದಳು. ಕುಮುದಾ ಕಾಡಿಗೆ ಡಬ್ಬಿ ಹಿಡಿದು ಅತ್ತೆಯ ಕೋಣೆಗೆ ಹೋದಳು.

"ಬನ್ನಿ ಅತ್ತೆ, ಅನ್ಯಾ ಕಾಯ್ತಿದಾಳೆ."

"ಒಳ್ಳೇದಾಯ್ತಲ್ಲಮ್ಮ, ಸಂತೋಷವಾಗಿ ಮಾಡ್ಕೊಳ್ಳಿ. ನಾನ್ಯಾಕೆ ನಡುವೆ?"

"ತಪ್ಪಾಯ್ತು ಅತ್ತೆ. ಭಯಕ್ಕೆ ಅಂದ್ಬಿಟ್ಟೆ."

ವೇದವತಿ ಸೀರೆ ಮಡಚುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಒಳಗೆ ಹೋಗಿ ಅಂದಿದ್ದಕ್ಕೆ ನಂಗೇನೂ ಇಲ್ಲ ಕುಮುದಾ. ಅದು ರೂಢಿ. ನಮ್ಮತ್ತೆ ಅಂದಿದ್ರು, ನನ್ನ ತಂಗಿ ಅಂದಿದ್ಳು. ಆದ್ರೆ ನಾನು ಬಂದ ವಾರ ನೀನು ಹೊರಗೆ ಬನ್ನಿ ಅಂದ್ಯಲ್ಲ, ಅದನ್ನ ನಾನು ನಂಬಿಬಿಟ್ಟಿದ್ದೆ."

ಕುಮುದಾ ಹೊರಗೆ ಬಂದಳು. ಆಂಟಿ ಎಲ್ಲಿ ಎಂದು ಕೋಕಿಲಾ ಕೇಳಿದಳು. ತಲೆನೋವಂತೆ ಎಂದು ರಾಜಶೇಖರ ಹೇಳುವಷ್ಟರಲ್ಲಿ ಕುಮುದಾ, ತಲೆನೋವಲ್ಲ, ಬೆಳಿಗ್ಗೆ ಇವರು ಹೊರಡುವಾಗ ನಾನೇ ಒಳಗೆ ಕೂರಿಸಿದೆ ಎಂದಳು. ಯಾರಾದರೂ ಛೀ ಅನ್ನಲಿ ಎಂದು ಕಾದಳು. ಕೋಕಿಲಾ ಅವಳ ಭುಜ ತಟ್ಟಿದಳು.

"ಎಷ್ಟು ಟೆನ್ಶನ್ ಇತ್ತು ನಿಂಗೆ. ಎಲ್ರೂ ಮಾಡ್ತಾರೆ ಬಿಡೇ. ಕೆಲ್ಸ ಉಳೀತಲ್ಲ?"

ಅಭಯ್ ತಲೆಯಾಡಿಸಿದ. ಕಿವಿ ಕಟ್ಟಿಕೊಂಡ ಬೆಕ್ಕುಗಳೆಲ್ಲ ಅವಳನ್ನು ಕ್ಷಮಿಸಿದವು.

ಕ್ಷಮಿಸದೆ ಉಳಿದವಳು ಅನ್ಯಾ. ಅವಳಿಗೆ ಅರ್ಥವೇ ಆಗಿರಲಿಲ್ಲ. ಅಜ್ಜಿಯನ್ನು ಯಾಕೆ ಒಳಗೆ ಕೂರಿಸಿದೆ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಕುಮುದಾ ಮಗಳ ಮುಂದೆ ಮಂಡಿಯೂರಿ ಕೂತು, ಸುತ್ತಿಬಳಸದೆ ಹೇಳಿದಳು. ತಾತ ಇಲ್ಲದ ಅಜ್ಜಿಯರು ಎದುರಿಗೆ ಬಂದರೆ ಕೆಟ್ಟದಾಗುತ್ತದೆ ಎಂದು ಕೆಲವರು ನಂಬುತ್ತಾರೆ, ಅದು ಸುಳ್ಳು.

"ಸುಳ್ಳು ಅಂತ ನಿಂಗೆ ಗೊತ್ತಿತ್ತಾ?" ಈ ಸಲ ಕನ್ನಡದಲ್ಲೇ ಕೇಳಿದಳು.

"ಗೊತ್ತಿತ್ತು."

ಅನ್ಯಾ ಸೋಫಾದಿಂದ ಮುರ್ರೆಯನ್ನು ಎತ್ತಿಕೊಂಡು, ತನ್ನ ಹತ್ತಿಯ ಬಾಲ ನೆಲದ ಮೇಲೆ ಎಳೆಯುತ್ತ ಅಜ್ಜಿಯ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡಳು.

ಅತಿಥಿಗಳು ತಟ್ಟೆ ಹಿಡಿದು ಹವಾಮಾನದ ಮಾತಿಗಿಳಿದರು. ಕುಮುದಾ ಒಂದು ತಟ್ಟೆಗೆ ವಡೆ ಹಾಕಿಕೊಂಡು ಆ ಬಾಗಿಲ ಬಳಿ ಬಂದಳು. ಒಳಗೆ ಅಜ್ಜಿಯ ಸಣ್ಣ ನಗು, ಕಚಗುಳಿ ಬೇಡವೆನ್ನುವ ದನಿ. ಮತ್ತೆ ಮೀಸೆ ಮೂಡುತ್ತಿರಬೇಕು. ಹಿಂದೆ ಬಂದು ನಿಂತ ರಾಜಶೇಖರ, ನಾನು ಕರೀಲಾ ಎಂದು ಮೆಲ್ಲಗೆ ಕೇಳಿದ.

"ಬೆಳಿಗ್ಗೆ ಕರೀಬೇಕಿತ್ತು ರೀ."

ಅವನು ಅಲ್ಲಿಂದ ಸರಿಯಲಿಲ್ಲ. ಒಳಗಿನ ನಗು ನಿಲ್ಲುವ ತನಕ ಬಾಗಿಲು ತಟ್ಟಬಾರದೆಂದು ಕುಮುದಾ ತಟ್ಟೆ ಹಿಡಿದು ಕಾದಳು. ಅದು ನಿಲ್ಲಲಿಲ್ಲ.