ಆರ್ಡಿಸ್‌ ಮತ್ತು ಬಲಗಡೆಯ ಹಬ್

ಮೊಂಟಾನದ ಈ ಉತ್ತರದ ಅಂಚಿನಲ್ಲಿ, ದನಗಳಿಗೆ ಹುಲ್ಲು ಹಾಕಲು ಹೋದ ಟ್ರಕ್ಕು ಹಿಮದಲ್ಲಿ ಹೂತುಕೊಳ್ಳುವುದು ಹೊಸ ಸಂಗತಿಯೇನಲ್ಲ. ಯಾರಾದರೂ ಟ್ರ್ಯಾಕ್ಟರ್ ತಂದು ಎಳೆಯುತ್ತಾರೆ. ವಾರವಿಡೀ ಕಾಫಿ ಕುಡಿಯುತ್ತ ಗೇಲಿ ಮಾಡುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ಆರ್ಡಿಸ್ ವಿಷಯದಲ್ಲಿ ಹಾಗೆ ಮುಗಿಯಲಿಲ್ಲ.

ಆರ್ಡಿಸ್ ಮತ್ತು ಅವಳ ಗಂಡ ಡೆಲ್ಮರ್ ಅರವತ್ತರ ಆಸುಪಾಸಿನವರು, ದನ ಸಾಕಿ ಬದುಕುವವರು. ಅವರದು ಹಳೆಯ ಫೋರ್‌ವ್ಹೀಲ್ ಟ್ರಕ್ಕು, ಬೇಕೆಂದಾಗ ನಾಲ್ಕೂ ಚಕ್ರ ಎಳೆಯುವಂಥದು. ಅದರಲ್ಲಿ ಒಳಗೆ ಕೂತು ಲಿವರ್ ಎಳೆದರಷ್ಟೇ ಸಾಲದು. ಮುಂದಿನ ಎರಡೂ ಚಕ್ರಗಳ ನಟ್ಟನಡುವೆ ಒಂದೊಂದು ಹಬ್ ಇದೆ. ಕೆಳಗಿಳಿದು, ಅದರ ಗುಂಡಿಯನ್ನು ‘ಫ್ರೀ’ಯಿಂದ ‘ಲಾಕ್’ಗೆ ಕೈಯಿಂದಲೇ ತಿರುಗಿಸಬೇಕು. ಇಲ್ಲದಿದ್ದರೆ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ತಲುಪುವುದೇ ಇಲ್ಲ.

ಜನವರಿಯ ಒಂದು ಭಾನುವಾರ ಆರ್ಡಿಸ್‌ಳ ತಂಗಿ ಗ್ವೆನ್ ಬಂದಳು. ಹಳ್ಳದ ಆಚೆ ಅವಳದೂ ದನಗಳ ಹಿಂಡಿದೆ. ತನ್ನ ಟ್ರಕ್ಕನ್ನು ತಾನೇ ರಿಪೇರಿ ಮಾಡಿಕೊಳ್ಳುವವಳು. ಅಂಗಳದಲ್ಲಿ ಅಕ್ಕನ ಟ್ರಕ್ಕಿನ ಚಕ್ರ ನೋಡಿಕೊಂಡೇ ಒಳಗೆ ಬಂದಳು.

“ಏನ್ ಭಾವ, ಜನವರಿ ಬಂದ್ರೂ ಹಬ್ ಇನ್ನೂ ಫ್ರೀಲೇ ಇದೆಯಲ್ಲ? ಬೇಸಿಗೆ ಅಂದ್ಕೊಂಡಿದೀರಾ?”

ಡೆಲ್ಮರ್ ದಾಲ್ಚಿನ್ನಿ ರೋಲ್ ಮುರಿದು ಕಾಫಿಯಲ್ಲಿ ಅದ್ದಿದ. “ಲಾಕ್ ಮಾಡಿ ಓಡಿಸಿದ್ರೆ ಡೀಸೆಲ್ ಕುಡಿಯುತ್ತೆ, ಸಾಮಾನೂ ಸವೆಯುತ್ತೆ. ಸಿಕ್ಕಾಕೊಂಡಾಗ ಇಳಿದು ತಿರುಗಿಸಿದ್ರಾಯ್ತು. ನಮ್ಮಪ್ಪನೂ ಹಂಗೇ ಮಾಡ್ತಿದ್ದ.”

“ನಿಮ್ಮಪ್ಪ ಎಷ್ಟು ಸಲ ಟ್ರಕ್ ಬಿಟ್ಟು ನಡ್ಕೊಂಡು ಬಂದ್ರು, ಅದನ್ನೂ ಹೇಳಿ ಮತ್ತೆ.”

ಆರ್ಡಿಸ್ ನಕ್ಕಳು. ಡೆಲ್ಮರ್ ನಗಲಿಲ್ಲ.

“ಹಬ್ ಲಾಕ್ ಮಾಡಿದ ಮಾತ್ರಕ್ಕೆ ಫೋರ್‌ವ್ಹೀಲ್ ಆಗಲ್ಲ ಭಾವ,” ಗ್ವೆನ್ ಹೇಳಿದಳು. “ಮುಂದಿನ ಆಕ್ಸಲ್ ಸುಮ್ನೆ ಜೊತೆಗೆ ತಿರುಗ್ತಿರುತ್ತೆ, ಅಷ್ಟೆ. ಡೀಸೆಲ್ ಒಂಚೂರು ಜಾಸ್ತಿ ಹೋಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹಿಮ ಕಂಡ ತಕ್ಷಣ ಕೂತಲ್ಲೇ ಲಿವರ್ ಹಾಕ್ಬೋದು. ಒಣ ಡಾಂಬರು ಬಂದ್ರೆ ಲಿವರ್ ತೆಗೀರಿ, ಹಬ್ ಹಂಗೇ ಇರ್ಲಿ.”

“ಮತ್ತೆ ಪಾಠ ಹೇಳೋಕೆ ಶುರು ಮಾಡಿದ್ಳು ನೋಡೆ, ನಿನ್ನ ತಂಗಿ.”

“ಹಬ್ ಒಳಗೆ ನೀರು ಹೋಗಿ ಹೆಪ್ಪುಗಟ್ಟಿದ್ರೆ ಏನ್ ಮಾಡ್ತೀರಿ?”

“ನನ್ನ ಹಬ್ ಹೆಪ್ಪುಗಟ್ಟಲ್ಲ ಬಿಡು.”

ಕಾಫಿ ಮುಗಿಯಿತು. ಮಾತೂ ಅಲ್ಲಿಗೇ ನಿಂತಿತು.

ಅದೇ ವಾರ ಡೆಲ್ಮರ್‌ಗೆ ಸೊಂಟ ಹಿಡಿಯಿತು. ದೂರದ ಹುಲ್ಲುಗಾವಲಿನಲ್ಲಿ ದನಗಳು ನೀರು ಕುಡಿಯುವ ಕಡೆ ಮಂಜುಗಡ್ಡೆ ಒಡೆಯಲು ಆರ್ಡಿಸ್ ಒಬ್ಬಳೇ ಹೊರಟಳು. ಹೋಗುವಾಗ ಹಳ್ಳ ದಾಟಿದಳು. ಚಕ್ರಗಳಿಗೆ ನೀರು ಚಿಮ್ಮಿತು. ಅವಳು ಕೆಲಸ ಮುಗಿಸುವಷ್ಟರಲ್ಲಿ ಆ ನೀರು ಕಲ್ಲಾಗಿತ್ತು.

ಮರಳುವಾಗ ಗಾಳಿ ಎದ್ದು ಹಿಮ ದಾರಿಯನ್ನು ಮುಚ್ಚಿತು. ತಗ್ಗಿನಲ್ಲಿ ಟ್ರಕ್ಕಿನ ಮೂತಿ ಹೂತಿತು. ಆರ್ಡಿಸ್ ಲಿವರ್ ಎಳೆದಳು. ಮುಂದೆ ಫೋರ್‌ವ್ಹೀಲ್ ದೀಪವೇನೋ ಹತ್ತಿತು, ಆದರೆ ತಿರುಗಿದ್ದು ಹಿಂದಿನ ಚಕ್ರಗಳು ಮಾತ್ರ.

ಇಳಿದಳು. ಎಡಗಡೆಯ ಹಬ್ ತಿರುಗಿತು. ಬಲಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಂದೇ ಹಬ್ ಲಾಕ್ ಆದರೆ ಪ್ರಯೋಜನವಿಲ್ಲ. ದಪ್ಪ ಕೈಗವಸಿನಲ್ಲಿ ಹಿಡಿತ ಸಿಗದೆ ಅದನ್ನು ಕಳಚಿ, ಬರಿಗೈಯಲ್ಲಿ ಮತ್ತೆ ಮತ್ತೆ ತಿರುಚಿದಳು. ಕೊನೆಗೆ ಇಕ್ಕಳ ಹಾಕಿದಾಗ ಗುಂಡಿಯ ಅಂಚೇ ಮುರಿದು ಕೈಗೆ ಬಂತು. ಅಷ್ಟು ಹೊತ್ತಿಗೆ ಬಲಗೈಯ ಬೆರಳುಗಳು ನೋಯುವುದು ನಿಂತಿತ್ತು. ನೋವು ನಿಂತದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಅವಳು ನಡೆದು ಹೊರಡಲಿಲ್ಲ, ಟ್ರಕ್ಕಿನಲ್ಲೇ ಉಳಿದಳು. ಬೆಚ್ಚಗಿರಲು ಆಗಾಗ ಎಂಜಿನ್ ಹಚ್ಚಿದಳು. ಪ್ರತಿ ಸಲ ಹಚ್ಚುವ ಮೊದಲು ಇಳಿದು, ಹೊಗೆ ಕೊಳವೆಯ ಬಾಯಿಂದ ಹಿಮ ಸರಿಸಿದಳು. ಅದನ್ನು ಮಾಡದಿದ್ದರೆ ಹೊಗೆ ಒಳಗೆ ತುಂಬಿ, ಅವಳು ಬದುಕುತ್ತಿರಲಿಲ್ಲ.

ಮನೆಯಲ್ಲಿ ಡೆಲ್ಮರ್ ಕಿಟಕಿ ಹಿಡಿದು ನಿಂತಿದ್ದ. ಕೊನೆಗೆ ನಾದಿನಿಗೆ ಫೋನ್ ಮಾಡಿದ. “ಗ್ವೆನ್, ದೂರದ ಹುಲ್ಲುಗಾವಲಿಗೆ ಹೋದ ನಿಮ್ಮಕ್ಕ ಇನ್ನೂ ಬಂದಿಲ್ಲ ಕಣೆ.”

“ಹೊರಟೆ,” ಅಂದಳು ಗ್ವೆನ್. ಬೇರೇನೂ ಕೇಳಲಿಲ್ಲ.

ಅವಳ ಟ್ರಕ್ಕಿನ ಹಬ್‌ಗಳು ಮೊದಲ ಹಿಮ ಬಿದ್ದಾಗಿನಿಂದ ಲಾಕ್ ಆಗಿಯೇ ಇದ್ದವು. ಹಳ್ಳದ ಬಳಿ ಲಿವರ್ ಹಾಕಿ, ಇಳಿಯದೆ ತಗ್ಗಿನ ತನಕ ಬಂದಳು. ಆರ್ಡಿಸ್ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಕೂತಿದ್ದಳು.

“ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಕಣೆ.”

“ಉಜ್ಜಬೇಡ ಅಕ್ಕ, ಇನ್ನೂ ಹಾಳಾಗುತ್ತೆ. ಬಾ, ಆಸ್ಪತ್ರೆಗೆ ಹೋಗೋಣ. ಟ್ರಕ್ ಇಲ್ಲೇ ಸಾಯ್ಲಿ.”

ವೈದ್ಯರು ಕೈ ಉಳಿಸಿದರು. ಚಳಿಗೆ ಸತ್ತಿದ್ದ ಎರಡು ಬೆರಳ ತುದಿ ಉಳಿಯಲಿಲ್ಲ. ಆರ್ಡಿಸ್ ಕೌದಿ ಹೊಲಿಯುವವಳು. ಊರಲ್ಲಿ ಹುಟ್ಟಿದ ಮಕ್ಕಳೆಲ್ಲ ಅವಳ ಕೌದಿಯಲ್ಲಿ ಮಲಗಿದವರು. ಈಗ ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದಾಳೆ.

ಮನೆಗೆ ಬಂದ ದಿನ ಅವಳು ಕೂಗಾಡಲಿಲ್ಲ. “ಎಷ್ಟು ಡೀಸೆಲ್ ಉಳೀತು ಡೆಲ್ಮರ್?” ಎಂದಷ್ಟೇ ಕೇಳಿದಳು. ಡೆಲ್ಮರ್ ಎದ್ದು ಹೊರಗೆ ಹೋದ.

ಮರುದಿನ ಗ್ವೆನ್‌ಳನ್ನು ಅವನೇ ಕರೆಸಿದ. “ನಂಗೆ ಗೊತ್ತು ಅಂದ್ಕೊಂಡಿದ್ದೆ. ತೋರಿಸಿಕೊಡು.” ತಗ್ಗಿನಿಂದ ಟ್ರಕ್ಕನ್ನು ಎಳೆದು ತಂದು, ಶೆಡ್ಡಿನಲ್ಲಿ ಹೀಟರ್ ಹಚ್ಚಿ ಇಬ್ಬರೂ ಹಬ್‌ಗಳನ್ನು ಬಿಚ್ಚಿದರು. ಒಳಗಿನ ನೀರು ಒರೆಸಿದರು. ಚಳಿಗೆ ಅಂಟಾಗಿದ್ದ ಹಳೆಯ ಗ್ರೀಸ್ ತೆಗೆದು ತೆಳುವಾಗಿ ಹೊಸದು ಹಚ್ಚಿದರು. ನೀರು ತಡೆಯುವ ಹಳೆಯ ಸೀಲ್ ಎಸೆದು ಹೊಸದನ್ನು, ಮುರಿದ ಗುಂಡಿಯ ಜಾಗದಲ್ಲಿ ಬೇರೆಯದನ್ನು ಹಾಕಿದರು. ಆರ್ಡಿಸ್ ಬಂದು ಎಡಗೈಯಿಂದ ಲಾಕ್‌ಗೆ ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿತು. “ಇನ್ನು ಹಿಮ ಕರಗೋ ತನಕ ಇದನ್ನ ಯಾರೂ ಮುಟ್ಟಬೇಡಿ,” ಅಂದ ಡೆಲ್ಮರ್.

ನಿಮ್ಮ ಟ್ರಕ್ಕಿಗೂ ಇಂಥ ಹಬ್ ಇದ್ದರೆ, ಈ ಹಾಳೆ ಮಡಚಿಟ್ಟು ಈಗಲೇ ಅಂಗಳಕ್ಕೆ ಹೋಗಿ. ಎರಡನ್ನೂ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬಿಚ್ಚಿ ಒಣಗಿಸಿ. ಹಿಮದ ಕಾಲ ಮುಗಿಯುವವರೆಗೆ ಲಾಕ್‌ನಲ್ಲೇ ಬಿಡಿ. ನಾಲ್ಕು ಚಕ್ರ ಎಳೆದರೂ ಮಂಜುಗಡ್ಡೆಯ ಮೇಲೆ ಬ್ರೇಕ್ ಬೇಗ ಹಿಡಿಯುವುದಿಲ್ಲ, ನಿಧಾನವಾಗಿಯೇ ಹೋಗಿ. ಮನೆಯಲ್ಲಿ ಟ್ರಕ್ಕು ಓಡಿಸುವ ಎಲ್ಲರಿಗೂ ಇದನ್ನು ಕಲಿಸಿ, ಏಕೆಂದರೆ ಸಿಕ್ಕಿಹಾಕಿಕೊಳ್ಳುವವರು ನೀವೇ ಆಗಬೇಕೆಂದಿಲ್ಲ. ಕೈ ಬೆಚ್ಚಗಿರುವಾಗ ಹಬ್ ತಿರುಗಿಸುವುದು ಒಂದು ನಿಮಿಷದ ಕೆಲಸ.