ತಂತಿ ಮುಟ್ಟದ ಕಮಾನು

ಕೈಯಲ್ಲಿನ ಸಣ್ಣ ಕೋಲಿನಿಂದಲೇ ಎಲ್ಲರನ್ನೂ ಕುಣಿಸುತ್ತಿದ್ದ ವಾದ್ಯವೃಂದದ ನಿರ್ದೇಶಕರಿಗೆ ‘ಕಡ್ಡಿ ಮೇಷ್ಟ್ರು’ ಎಂಬ ಹೆಸರು ಬಿದ್ದಿತ್ತು. ಅಂದು ಮರುದಿನದ ಕಚೇರಿಗಾಗಿ ಅಭ್ಯಾಸ ನಡೆಸುವಾಗ ಮೇಷ್ಟ್ರ ಸಿಟ್ಟು ಮೂಗಿನ ತುದಿಯಲ್ಲೇ ಕೂತಿತ್ತು. ತಂತಿವಾದ್ಯಗಳಿಗೆಂದೇ ಬರೆದ, ಅವರೆಲ್ಲ ನುಡಿಸುತ್ತಿದ್ದ ಶೋಕಗೀತೆ ಮುಗಿಯುವುದು ಉದ್ದನೆಯ, ತೀರಾ ಮೆಲ್ಲನೆಯ ಒಂದೇ ಒಂದು ಸ್ವರದಲ್ಲಿ. ಆ ಸ್ವರ ನಡುಗುತ್ತಿತ್ತು.

“ಯಾರದೋ ಕಮಾನು ಅದುರ್ತಿದೆ. ಯಾರದು ಅಂತ ಇವತ್ತು ಗೊತ್ತಾಗ್ಲೇಬೇಕು. ಒಂದೊಂದೇ ಜೋಡಿ ನುಡಿಸಿ.”

ಪಿಟೀಲು ಸಾಲಿನಲ್ಲಿದ್ದ ಅಕ್ಕತಂಗಿಯರಲ್ಲಿ ತಂಗಿಗೆ ಅದು ಯಾರದೆಂದು ಗೊತ್ತಿತ್ತು. ಅದು ಅಕ್ಕನ ಕೈ. ಪಕ್ಕದ ಕುರ್ಚಿಯಲ್ಲಿ ಕೂತು, ಒಂದೇ ಹಾಳೆ ನೋಡಿಕೊಂಡು ಪಿಟೀಲು ನುಡಿಸುವ ಅಕ್ಕನಿಗೆ ಈಚೆಗೆ ಲೋಟ ಹಿಡಿದರೂ ಕೈ ನಡುಗುತ್ತಿತ್ತು. ವಿಷಯ ಹೊರಬಿದ್ದರೆ ಕುರ್ಚಿ ಹೋದಂತೆಯೇ. ಆ ಕುರ್ಚಿ ಬಿಟ್ಟರೆ ಅಕ್ಕನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

“ಕಮಾನು ಆಡಿಸು, ತಂತಿಗೆ ಮುಟ್ಟಿಸ್ಬೇಡ. ಇಬ್ಬರದ್ದೂ ನಾನೇ ನುಡಿಸ್ತೀನಿ,” ಎಂದು ತಂಗಿ ಪಿಸುಗುಟ್ಟಿದಳು.

“ನಿಂಗೆ ಕಮಾನು ಹಿಡಿಯೋದು ಕಲಿಸಿದ್ದೇ ನಾನು ಕಣೇ.”

“ಜಂಭ ಆಮೇಲೆ. ಈಗ ಹೇಳಿದ್ದು ಮಾಡು.”

ಇವರ ಸರದಿ ಬಂತು. ಮೇಷ್ಟ್ರು ಎಂದಿನಂತೆ ಕಣ್ಣು ಮುಚ್ಚಿ ಕಿವಿಗೊಟ್ಟರು. ತಂಗಿ ಉಸಿರು ಬಿಗಿಹಿಡಿದು ಕಮಾನೆಳೆದಳು. ಅಕ್ಕನ ಕಮಾನು ತಂತಿಯಿಂದ ಕೂದಲೆಳೆಯಷ್ಟು ಮೇಲೆ ನಡುಗುತ್ತಾ ಸಾಗಿತು. ಸದ್ಯ, ತಾಗಲಿಲ್ಲ. ಸ್ವರ ಸಣ್ಣಗಾಗುತ್ತಾ ಹೋಗಿ ನಿಂತಿತು.

“ಆಹಾ!” ಎಂದರು ಮೇಷ್ಟ್ರು. ಸಿಟ್ಟೆಲ್ಲ ಇಳಿದಿತ್ತು. “ಇಬ್ಬರು ನುಡಿಸಿದ್ರೂ ಒಬ್ಬರೇ ನುಡಿಸಿದ ಹಾಗಿದೆ. ಇನ್ನು ಬೇರೆಯವರ ಗೊಡವೆಯೇ ಬೇಡ. ನಾಳೆ ಕಚೇರೀಲಿ ಕೊನೇ ಸ್ವರಕ್ಕೆ ಎಲ್ಲರೂ ನಿಲ್ಲಿಸಿಬಿಡಿ. ಹಿರಿಯರು, ಅಕ್ಕನವರೊಬ್ಬರೇ ನುಡಿಸ್ಲಿ.”

ಅಕ್ಕ ಏನಾದರೊಂದು ನೆಪ ಹೇಳಿಯಾಳು ಎಂದು ತಂಗಿ ಕಾದಳು. ಅಕ್ಕನ ಮುಖ ನೋಡಿದರೆ ಅರಳಿಬಿಟ್ಟಿದೆ! ಇಷ್ಟು ವರ್ಷ ಗುಂಪಿನಲ್ಲಿ ಗೋವಿಂದ ಎಂದು ನುಡಿಸಿದವಳನ್ನು ಇದೇ ಮೊದಲ ಸಲ ಬೇರೆಯಾಗಿ ಕರೆದಿದ್ದರು.

“ಆಗ್ಲಿ ಸಾರ್,” ಎಂದಳು ಅಕ್ಕ.

ತಂಗಿ ಮೊಣಕೈಯಿಂದ ತಿವಿದಳು. ಅಕ್ಕ ತಿರುಗಿಯೂ ನೋಡಲಿಲ್ಲ. ನಾಳೆ ತುಂಬಿದ ಸಭೆಯ ಎದುರು ಆ ಕೈ ನಡುಗುವುದು ತಂಗಿಯ ಕಣ್ಣಿಗೆ ಕಟ್ಟಿತು. ಮೇಷ್ಟ್ರು ಆಗಲೇ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕತೊಡಗಿದ್ದರು.

“ಸಾರ್, ನುಡಿಸಿದ್ದು ನಾನೊಬ್ಬಳೇ. ಅಕ್ಕನ ಕೈಲಾಗಲ್ಲ.”

ಪೆನ್ಸಿಲು ನಿಂತಿತು. ಎಲ್ಲರೂ ಅಕ್ಕನ ಕೈಯನ್ನೇ ನೋಡಿದರು. ಅವಳು ಕಮಾನನ್ನು ತೊಡೆಯ ಮೇಲಿಟ್ಟು ಆ ಕೈಯನ್ನು ಇನ್ನೊಂದರಿಂದ ಮುಚ್ಚಿಕೊಂಡಳು.

“ನಾನೇ ಹೇಳೋವರೆಗೂ ಸುಮ್ನಿರೋಕೆ ಆಗ್ಲಿಲ್ವಾ ನಿಂಗೆ?” ಎಂದಳು.



“ಹಾಗಾದ್ರೆ ನೀವೇ ನುಡಿಸಿ,” ಎಂದರು ಮೇಷ್ಟ್ರು ತಂಗಿಗೆ.

ತಂಗಿ ಕಮಾನೆತ್ತಿದಳು. ಪಕ್ಕದ ಕುರ್ಚಿ ಹಿಂದೆ ಸರಿದ ಸದ್ದಾಯಿತು; ಅಕ್ಕ ಎದ್ದು ಹೊರಟಿದ್ದಳು.