ಐವತ್ತು ತಲೆಗಳ ಉದ್ಯಾನ

"ಹೊರಗೆ ನಡಿಯೇ, ಲೌಡಿ! ನಿನ್ನ ತಲೇನೂ ಒಂದು ತಲೆ ಅಂತ ಲೆಕ್ಕಕ್ಕೆ ಹಿಡಿದಿದ್ದೀನಲ್ಲ, ಅದೇ ದೊಡ್ಡದು."

ಉದ್ಯಾನದ ಸಾಹೇಬರು ಹೀಗೆಂದಾಗ, ನಮ್ಮ ಜೊತೆ ಗುಡಿಸುವ ಬಾಣಂತಿ, ಗೇಟಿನ ಪಕ್ಕದ ಶೌಚಾಲಯದಲ್ಲಿ ಮಂಡಿಯೂರಿ ನೆಲ ಉಜ್ಜುತ್ತಿದ್ದಳು. ಕೈಲಿದ್ದ ಬ್ರಶ್ಶನ್ನೂ ಇಡಗೊಡದೆ ಅವಳನ್ನು ರಸ್ತೆಗೆ ಅಟ್ಟಿದರು. ಕೊರಳಿನ ಬಿಲ್ಲೆಯನ್ನು ಮಾತ್ರ ಮರೆಯದೆ ಬಿಚ್ಚಿಸಿಕೊಂಡರು.

ಸೋಂಕಿನ ಕಾಲ. ಉದ್ಯಾನದೊಳಗೆ ಒಮ್ಮೆಗೆ ಐವತ್ತೇ ತಲೆ ಇರಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ಸಾಹೇಬರು ಐವತ್ತು ತಗಡಿನ ಬಿಲ್ಲೆ ಮಾಡಿಸಿ ಗೇಟಿನ ಮೊಳೆಗಳಿಗೆ ತೂಗುಹಾಕಿದರು. ಒಳಗೆ ಹೋಗುವವರು ಕೊರಳಿಗೆ ಹಾಕಿಕೊಳ್ಳಬೇಕು, ಹೊಸಿಲು ದಾಟಿ ಹೊರಬಂದ ಕೂಡಲೇ ಕೊಡಬೇಕು. ಗುಡಿಸುವ ನಮಗೂ ಬಿಲ್ಲೆ, ಸಾಹೇಬರಿಗೂ ಬಿಲ್ಲೆ. ಅದನ್ನು ಹಾಕಿಕೊಂಡು ಅವರು ಪತ್ರಿಕೆಗೆ ಫೋಟೊ ಕೂಡ ಕೊಟ್ಟಿದ್ದರು.

ಸಾಹೇಬರಿಗೆ ಬೇಕಾದವರು ಬಂದಾಗ ಬಿಲ್ಲೆ ಉಳಿದಿಲ್ಲವೆಂದರೆ ಕಳಚಿಸುತ್ತಿದ್ದುದು ನಮ್ಮ ಕೊರಳಿನದನ್ನೇ. ಆ ಬೆಳಿಗ್ಗೆ ಗುಡಿಸುವ ಉಳಿದ ಮೂವರೂ ಆಗಲೇ ರಸ್ತೆಯಲ್ಲಿದ್ದೆವು. ಬಾಣಂತಿಯ ಬಿಲ್ಲೆ ದೊಡ್ಡ ಕಾರಿನಿಂದಿಳಿದ ಅಮ್ಮನವರ ಕೊರಳೇರಿತು. ಅವರ ನಾಯಿ ಬಿಲ್ಲೆಯಿಲ್ಲದೆ ಒಳಹೋಯಿತು.

"ನಾಯಿ ಲೆಕ್ಕಕ್ಕಿಲ್ಲ" ಎಂದರು ಸಾಹೇಬರು.

"ಹಂಗಾದ್ರೆ ನಾವೂ ಬೊಗಳ್ತೀವಿ ಸಾರ್, ಬಿಡಿ ಒಳಗೆ" ಎಂದಳು ನಮ್ಮಲ್ಲಿ ಹಿರಿಯಳಾದ ದೊಡ್ಡಕ್ಕ.

ಬಾಣಂತಿ ನಗಲಿಲ್ಲ. "ಅಕ್ಕಾ, ಮಗು ಒಳಗೇ ಉಳೀತು."

ಸಲಕರಣೆ ಕೋಣೆಯ ತಳ್ಳುಗಾಡಿಯಲ್ಲಿ, ಗೋಣಿಚೀಲ ಹಾಸಿ, ಮಲಗಿಸಿ ಬಂದಿದ್ದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಅಳು ಕೇಳಿಸಿತು. ಅವಳ ರವಿಕೆಯ ಮುಂಭಾಗ ಒದ್ದೆಯಾಗತೊಡಗಿತು.

"ಸಾರ್, ಹಾಲು ಕುಡ್ಸಿ ಬಂದ್ಬಿಡ್ತೀನಿ. ನಿಮ್ಮ ಕಾಲು ಹಿಡೀತೀನಿ."

"ಮುಟ್ಟಬೇಡ! ಅಂತರ, ಅಂತರ! ಒಬ್ರು ಹೊರಗೆ ಬಂದ್ರೆ ಒಬ್ರು ಒಳಗೆ. ನಿಯಮ ಅಂದ್ರೆ ನಿಯಮ."

"ಹೋಗ್ಲಿ, ಮಗೂನ ಯಾರಾದ್ರೂ ಎತ್ಕೊಂಡು ಬನ್ನಿ ಸಾರ್."

"ಕಂಡೋರ ಕೂಸು ಎತ್ತೋಕೆ ನನಗೆ ಸಂಬಳ ಕೊಡ್ತಾರೇನೆ? ಮೊದ್ಲು ಇದು ಹೇಳು, ಬಿಲ್ಲೆ ಇಲ್ದೆ ಅದನ್ನ ಹೆಂಗೆ ಒಳಗೆ ತಂದೆ?"

ಗೇಟು ಕಾಯುವ ತಾತ ಅತ್ತ ನೋಡಿದ, ಇತ್ತ ನೋಡಿದ. ಗೇಟು ಬಿಟ್ಟು ಕದಲಿದರೆ ಅವನ ಕೆಲಸ ಹೋಗುತ್ತಿತ್ತು.

ಅಳು ಏರುತ್ತ ಏರುತ್ತ ಬಿಕ್ಕಳಿಕೆಗೆ ತಿರುಗಿತು. ನಿಲ್ಲಲೆಂದು ರಸ್ತೆಗೆ ಬಳಿದಿದ್ದ ಸುಣ್ಣದ ವೃತ್ತಗಳನ್ನು ಬಿಟ್ಟು ನಾವೆಲ್ಲ ಗೇಟಿಗೆ ಮುಗಿಬಿದ್ದೆವು. ಸಾಲಿನಲ್ಲಿ ಕಾಯುತ್ತಿದ್ದವರ ಫೋನುಗಳು ಮೇಲೆದ್ದವು.

"ಹಿಂದೆ ಸರೀರಿ! ನನ್ನ ಮಾನ ಕಳೀತೀರಾ?" ಎನ್ನುತ್ತ ಸಾಹೇಬರು ಹೊರಗೆ ನುಗ್ಗಿ ಬಂದರು.

ತಾತ ಅಂಗೈ ಚಾಚಿದ. "ಸಾರ್, ಬಿಲ್ಲೆ."

ಬೈಯಲು ಬಾಯಿ ತೆರೆದವರು ಫೋನುಗಳನ್ನು ಕಂಡು ಅಂಗಿ ಸರಿಮಾಡಿಕೊಂಡರು. ಬಿಲ್ಲೆ ಕಳಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ತಾತನ ಕೈಗಿಟ್ಟರು. "ನೋಡಿ ಎಲ್ರೂ! ನಿಯಮ ನನಗೂ ಒಂದೇ!"

ಸಾಲಿನ ಮೊದಲಲ್ಲಿ ಊರುಗೋಲಿನ ಮುದುಕರೊಬ್ಬರು ಬಹಳ ಹೊತ್ತಿನಿಂದ ನಿಂತಿದ್ದರು. ತಾತ ಅವರ ಕಡೆ ತಿರುಗಿದ. ಅವರು ಬಾಣಂತಿಯ ಒದ್ದೆ ರವಿಕೆಯನ್ನು ಕಂಡೊಡನೆ ಮರದ ಕಡೆ ಮುಖ ತಿರುಗಿಸಿ ಹೇಳಿದರು: "ನನ್ನ ಸರದಿ ಆ ತಾಯಿಗೆ."

ತಾತ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿದ. ಅವಳು ಓಡಿದಳು. ಗೇಟು ಮುಚ್ಚಿತು.

"ಏಯ್, ತೆಗಿಯೋ!" ಸಾಹೇಬರು ಕಂಬಿ ಹಿಡಿದು ಅಲುಗಿಸಿದರು.

"ತುಂಬಿದೆ ಸಾರ್. ಒಬ್ರು ಹೊರಗೆ ಬಂದ್ರೆ ಒಬ್ರು ಒಳಗೆ."

"ನಾಳೆಯಿಂದ ನಿನಗೆ ಕೆಲ್ಸ ಇಲ್ಲ, ಬೋಳಿಮಗನೆ!"

"ಆಗ್ಲಿ ಸಾರ್" ಎಂದು ತಾತ ಅಗುಳಿ ಸರಿಸಿದ. "ಇವತ್ತು ಇದೆಯಲ್ಲ."

ಒಳಗಿನ ಅಳು ನಿಂತಿತ್ತು. ನಾವು ನಮ್ಮ ನಮ್ಮ ವೃತ್ತಗಳಿಗೆ ಹಿಂತಿರುಗಿ ಕುಳಿತೆವು. ದೊಡ್ಡಕ್ಕ ಪೊರಕೆಯಿಂದ ದೂರಕ್ಕೆ, ಬಿಸಿಲಿನಲ್ಲಿದ್ದ ಕಸದ ತೊಟ್ಟಿಯ ಪಕ್ಕಕ್ಕೆ ತೋರಿಸಿದಳು.

"ಸಾಲಿನ ಕೊನೆ ಅಲ್ಲಿದೆ ಸಾರ್. ಗೆರೆ ಒಳಗೇ ನಿಲ್ಲಿ, ಕಾಲು ಹೊರಗೆ ಬರಬಾರ್ದು."